ಹೆಸರಾಂತ ಬ್ರ್ಯಾಂಡ್‌ಗಳ ವೇಷದ ನಕಲಿ ಸೈಟುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಫ್ಲಿಪ್‌ಕಾರ್ಟ್, ಅಮೆಜಾನ್, ಎಸ್‌ಬಿಐ, ಇಂಡಿಯಾ ಪೋಸ್ಟ್ ಮುಂತಾದ ಹೆಸರುಗಳ ಸೋಗಿನಲ್ಲಿ ಬರುವ ಸೈಟುಗಳ ಬಗ್ಗೆ ಜನ ಮತ್ತೆ ಮತ್ತೆ ಕೇಳುವುದನ್ನೆಲ್ಲ ಇಲ್ಲಿ ಒಟ್ಟುಗೂಡಿಸಿದ್ದೇವೆ. ಮೊದಲ ಭಾಗಗಳು ಫೋನ್ ಬಳಸುವ ಎಲ್ಲರಿಗೂ ಬೇಕಾದವು. ಕೊನೆಯದು ಸ್ವಂತ ವ್ಯಾಪಾರದ ಸೈಟ್ ಇಟ್ಟುಕೊಂಡವರಿಗೆ ಮತ್ತು ಇದೇ ವಿಷಯದಲ್ಲಿ ಪ್ರಾಜೆಕ್ಟ್ ಮಾಡುತ್ತಿರುವ ವಿದ್ಯಾರ್ಥಿಗಳಿಗೆ. ವೆಬ್ ವಿಳಾಸಗಳನ್ನು ಬೇಕೆಂದೇ ಮಾತಿನಲ್ಲಿ ಬರೆದಿದ್ದೇವೆ. ಯಾರೂ ಕೈತಪ್ಪಿ ಒತ್ತಬಾರದು.

## ಮೊದಲು ತಿಳಿಯಬೇಕಾದ್ದು

ನೋಡೋಕೆ ಪಕ್ಕಾ ಫ್ಲಿಪ್‌ಕಾರ್ಟ್ ತರಹಾನೇ ಇದೆ. ನಕಲಿ ಅಂತ ಹೇಗೆ ಹೇಳ್ತೀರಿ?

ನೋಟ ನೋಡಿ ಹೇಳುವುದಿಲ್ಲ, ವಿಳಾಸ ನೋಡಿ ಹೇಳುತ್ತೇವೆ. ಯಾವುದೇ ಪುಟ ತೆರೆದಾಗ ಅದರ ಲೋಗೊ, ಬಣ್ಣ, ಚಿತ್ರ, ಬರಹ ಎಲ್ಲವೂ ನಮ್ಮ ಬ್ರೌಸರಿಗೆ ಇಳಿದು ಬರುತ್ತವೆ. ಹಾಗೆ ಇಳಿದದ್ದನ್ನು ಇನ್ನೊಂದು ಸರ್ವರಿನಲ್ಲಿಟ್ಟು ಅಂಗಡಿ ತೆರೆಯಲು ಕೆಲವೇ ನಿಮಿಷ ಸಾಕು. ಇದಕ್ಕೆ ಸಿದ್ಧ ಕಿಟ್‌ಗಳೂ ಮಾರಾಟಕ್ಕಿವೆ. ಡೊಮೇನ್ ಹೆಸರನ್ನು, ಅಂದರೆ ಸೈಟಿನ ವಿಳಾಸದ ಮುಖ್ಯ ಭಾಗವನ್ನು, ಮಾತ್ರ ಹೀಗೆ ಎತ್ತಿಕೊಳ್ಳಲು ಆಗುವುದಿಲ್ಲ. ಫ್ಲಿಪ್‌ಕಾರ್ಟ್ ಡಾಟ್ ಕಾಮ್ ಎಂಬುದಕ್ಕೆ ಒಬ್ಬನೇ ಒಡೆಯ. ವಂಚಕ ಅದಕ್ಕೆ ಹೋಲುವ ಇನ್ನೊಂದನ್ನು ಕೊಳ್ಳಬಹುದು, ಅದನ್ನೇ ಕೊಳ್ಳಲಾರ. ಹಾಗಾಗಿ ಕೇಳಿಕೊಳ್ಳಬೇಕಾದ್ದು ಎರಡೇ: ಈ ಪುಟ ತಾನು ಯಾರೆಂದು ಹೇಳಿಕೊಳ್ಳುತ್ತಿದೆ? ಯಾವ ವಿಳಾಸದಲ್ಲಿ ಕೂತಿದೆ? ಎರಡಕ್ಕೂ ತಾಳೆಯಾಗದಿದ್ದರೆ ಅಲ್ಲಿಂದ ಹೊರಬನ್ನಿ.

ವಿಳಾಸದಲ್ಲಿ ಯಾವ ಭಾಗ ನೋಡಬೇಕು? ಉದ್ದಕ್ಕೆ ಏನೇನೋ ಇರುತ್ತೆ.

ಎಡದಿಂದ ಓದಿದರೆ ಮೋಸ ಹೋಗುತ್ತೀರಿ, ವಂಚಕರು ಎಡಗಡೆಯನ್ನೇ ಅಲಂಕರಿಸಿರುತ್ತಾರೆ. ಆರಂಭದಲ್ಲಿ ಬರುವ ಜೋಡಿ ಅಡ್ಡಗೆರೆಯನ್ನು ಬಿಡಿ. ಅದರ ನಂತರ ಸಿಗುವ ಮೊದಲ ಒಂಟಿ ಅಡ್ಡಗೆರೆಯ ಬಳಿ ಬೆರಳಿಡಿ. ಅಲ್ಲಿಂದ ಎಡಕ್ಕೆ ಓದುತ್ತಾ ಬಂದರೆ ಡಾಟ್ ಬೇರ್ಪಡಿಸಿದ ತುಂಡುಗಳಲ್ಲಿ ಮೊದಲು ಸಿಗುವ ಎರಡೇ ಒಡೆಯನ ಹೆಸರು. "ಸೆಲ್ಲರ್ ಡಾಟ್ ಫ್ಲಿಪ್‌ಕಾರ್ಟ್ ಡಾಟ್ ಕಾಮ್" ಫ್ಲಿಪ್‌ಕಾರ್ಟ್‌ನದೇ. "ಫ್ಲಿಪ್‌ಕಾರ್ಟ್ ಡಾಟ್ ಕಾಮ್ ಡಾಟ್ ಬಿಗ್‌ಆಫರ್ ಡಾಟ್ ಶಾಪ್" ಎಂದಿದ್ದರೆ ಒಡೆಯ ಬಿಗ್‌ಆಫರ್ ಡಾಟ್ ಶಾಪ್. ಮುಂದಿರುವ ಫ್ಲಿಪ್‌ಕಾರ್ಟ್ ಅವನೇ ಅಂಟಿಸಿಕೊಂಡ ಬೋರ್ಡು.

ಇನ್ನು ಮೂರು ಸಂಗತಿ. ಕೊನೆಯಲ್ಲಿ "ಕೋ ಡಾಟ್ ಇನ್", "ಗವ್ ಡಾಟ್ ಇನ್", "ಬ್ಯಾಂಕ್ ಡಾಟ್ ಇನ್" ಇದ್ದರೆ ಎರಡರ ಬದಲು ಮೂರು ತುಂಡು ಓದಬೇಕು. ಹೈಫನ್ ಎಂದರೆ ಡಾಟ್ ಅಲ್ಲ: "ಫ್ಲಿಪ್‌ಕಾರ್ಟ್ ಹೈಫನ್ ಸೇಲ್ ಡಾಟ್ ಕಾಮ್" ಎಂಬುದನ್ನು ಯಾರು ಬೇಕಾದರೂ ಕೊಳ್ಳಬಹುದು. ಒಂಟಿ ಅಡ್ಡಗೆರೆಗೆ ಮೊದಲೇ ಇಮೇಲಿನ ಅಟ್ ಚಿಹ್ನೆ ಕಂಡರೆ ಅದರ ಹಿಂದಿನದೆಲ್ಲ ಲೆಕ್ಕಕ್ಕಿಲ್ಲ, ಬ್ರೌಸರ್ ಹೋಗುವುದು ಅದರ ಮುಂದಿನ ವಿಳಾಸಕ್ಕೆ.

ಬೀಗದ ಗುರುತು ಇದೆಯಲ್ಲ, ಅಂದ್ಮೇಲೆ ಅಸಲಿ ತಾನೇ?

ಅಲ್ಲ. ನಿಮ್ಮ ಫೋನ್ ಮತ್ತು ಆ ಸೈಟಿನ ನಡುವೆ ಹೋಗುವುದನ್ನು ಮೂರನೆಯವರು ಓದಲಾರರು ಎಂದಷ್ಟೇ ಬೀಗ ಹೇಳುತ್ತದೆ. ಆ ಸೈಟ್ ಕಳ್ಳನದೇ ಆಗಿದ್ದರೆ ನಿಮ್ಮ ಪಾಸ್‌ವರ್ಡ್ ಸುರಕ್ಷಿತವಾಗಿ ಕಳ್ಳನಿಗೇ ತಲುಪುತ್ತದೆ. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ 2015ರಲ್ಲಿ ಶುರುವಾದಂದಿನಿಂದ ಈ ಬೀಗಕ್ಕೆ ಬೇಕಾದ ಡಿಜಿಟಲ್ ಪ್ರಮಾಣಪತ್ರ ಯಾರಿಗೂ ಪುಕ್ಕಟೆ, ಅದೂ ಕ್ಷಣಾರ್ಧದಲ್ಲಿ. ವೆಬ್‌ಗೆ ಅದು ದೊಡ್ಡ ಉಪಕಾರ, ಆದರೆ ಗುರುತಿನ ಪುರಾವೆ ಅಲ್ಲ. ಜನ ತಪ್ಪು ತಿಳಿಯುತ್ತಾರೆಂದೇ ಕ್ರೋಮ್ 2023ರಲ್ಲಿ ಬೀಗದ ಚಿತ್ರವನ್ನು ತೆಗೆದು ಸೆಟ್ಟಿಂಗ್ಸ್‌ನಂಥ ಚಿಹ್ನೆ ಇಟ್ಟಿತು.

ಫೋನ್‌ನಲ್ಲಿ ಲಿಂಕ್ ಒತ್ತೋ ಮೊದಲೇ ಎಲ್ಲಿಗೆ ಹೋಗುತ್ತೆ ಅಂತ ತಿಳಿಯಬಹುದಾ?

ಲಿಂಕನ್ನು ಒತ್ತಿ ಹಿಡಿಯಿರಿ. ಹೆಚ್ಚಿನ ಆ್ಯಪ್‌ಗಳಲ್ಲಿ ಅದನ್ನು ಕಾಪಿ ಮಾಡುವ ಆಯ್ಕೆ ಬರುತ್ತದೆ. ನೋಟ್ಸ್‌ಗೆ ಪೇಸ್ಟ್ ಮಾಡಿ ಪೂರ್ತಿ ಓದಿ. ಬಿಟ್‌ಲಿ ಚುಟುಕು ಲಿಂಕ್ ಆದರೆ ಕೊನೆಗೆ ಪ್ಲಸ್ ಚಿಹ್ನೆ ಸೇರಿಸಿ ತೆರೆದರೆ ನಿಜವಾದ ಗುರಿ ಕಾಣುತ್ತದೆ. ಕ್ಯೂಆರ್ ಕೋಡ್ ಆದರೆ ಸ್ಕ್ಯಾನ್ ಆದ ಕೂಡಲೇ ಮೂಡುವ ವಿಳಾಸವನ್ನು ಓದಿ ಮುಂದುವರಿಯಿರಿ. ಇದಕ್ಕಿಂತ ಒಳ್ಳೆಯ ಅಭ್ಯಾಸವೆಂದರೆ ಬಂದ ಲಿಂಕನ್ನು ಮುಟ್ಟದೆ ನಿಮ್ಮ ಫೋನಿನಲ್ಲಿ ಮೊದಲೇ ಇರುವ ಆ್ಯಪ್ ತೆರೆದು ನೋಡುವುದು. ಆಫರ್ ನಿಜವಾದರೆ ಅಲ್ಲೂ ಇರುತ್ತದೆ.

ಕನ್ನಡದಲ್ಲಿ ಚೆನ್ನಾಗಿ ಬರೆದಿದ್ದಾರೆ, ಒಂದೂ ತಪ್ಪಿಲ್ಲ. ನಂಬಬಹುದಲ್ವಾ?

ಹರಕುಮುರುಕು ಭಾಷೆಯಿಂದ ನಕಲಿಯನ್ನು ಹಿಡಿಯುವ ಕಾಲ ಮುಗಿಯಿತು. ಎಐ ಬಂದ ಮೇಲೆ ಒಳ್ಳೆಯ ಕನ್ನಡ ಬರೆಸುವುದು ವಂಚಕರಿಗೂ ಸುಲಭ. ತಪ್ಪು ಕಂಡರೆ ಅನುಮಾನ ಪಡಿ, ತಪ್ಪಿಲ್ಲವೆಂದು ನಂಬಬೇಡಿ.

## ನಮ್ಮಲ್ಲಿ ಹೆಚ್ಚಾಗಿ ಕಾಣುವ ವೇಷಗಳು

ಇನ್‌ಸ್ಟಾಗ್ರಾಂ ಜಾಹೀರಾತಲ್ಲಿ ಹಬ್ಬದ ಸೇಲ್ ಬಂದಿದೆ, ಐಫೋನ್ ಕೆಲವೇ ಸಾವಿರಕ್ಕೆ. ಇದು ಹೇಗೆ ಕೆಲಸ ಮಾಡುತ್ತೆ?

ದಸರಾ, ದೀಪಾವಳಿಯ ಆಸುಪಾಸಿನಲ್ಲಿ ನಿಜವಾದ ಸೇಲ್‌ಗಳು ನಡೆಯುವಾಗಲೇ ಇವೂ ಏಳುತ್ತವೆ. ಜಾಹೀರಾತು ಒತ್ತಿದರೆ ಇನ್‌ಸ್ಟಾಗ್ರಾಂ ಒಳಗಿನ ಬ್ರೌಸರಿನಲ್ಲೇ ಅಂಗಡಿ ತೆರೆಯುತ್ತದೆ. ಅಲ್ಲಿ ವಿಳಾಸ ಸಣ್ಣ ಅಕ್ಷರದಲ್ಲಿ ಮೂಲೆಗೆ ಸರಿದಿರುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ. ಪುಟದ ಮೇಲೆ ಹಿಂದಕ್ಕೆ ಎಣಿಸುವ ಗಡಿಯಾರ ಓಡುತ್ತಿರುತ್ತದೆ. ಪುಟವನ್ನು ರಿಫ್ರೆಶ್ ಮಾಡಿ ನೋಡಿ, ಬಹಳಷ್ಟು ಕಡೆ ಗಡಿಯಾರ ಮತ್ತೆ ಮೊದಲಿನಿಂದ ಶುರುವಾಗುತ್ತದೆ.

ಆಮೇಲೆ ಹುಡುಕುವ ಪೆಟ್ಟಿಗೆಯಲ್ಲಿ "ಕುಕ್ಕರ್" ಎಂದು ಟೈಪ್ ಮಾಡಿ. ನಕಲಿ ಅಂಗಡಿಯಲ್ಲಿ ಹುಡುಕಾಟ ಕೆಲಸ ಮಾಡುವುದು ಅಪರೂಪ. ಲಾಗಿನ್, ಹಳೆಯ ಆರ್ಡರುಗಳು, ಸಹಾಯದ ಪುಟ ಒಂದೂ ತೆರೆಯುವುದಿಲ್ಲ. ಮೊಬೈಲ್ ನಂಬರಿನ ಜಾಗದಲ್ಲಿ ಹತ್ತು ಸೊನ್ನೆ ಹೊಡೆದರೂ ತಕರಾರಿಲ್ಲದೆ ಮುಂದಕ್ಕೆ ಬಿಡುತ್ತದೆ. ಹಣ ಕಟ್ಟುವಲ್ಲಿ ಕ್ಯಾಶ್ ಆನ್ ಡೆಲಿವರಿ ಇರುವುದಿಲ್ಲ, ಯುಪಿಐ ಮಾತ್ರ. ಒತ್ತಿದರೆ ನಿಮ್ಮ ಫೋನ್‌ಪೇ ಅಥವಾ ಪೇಟಿಎಂ ತಾನೇ ತೆರೆದು ಮೊತ್ತವೂ ತುಂಬಿರುತ್ತದೆ. ಪಿನ್ ಹಾಕುವ ಮುಂಚೆ ಮೇಲೆ ಕಾಣುವ ಹೆಸರನ್ನು ಓದಿ. ಯಾರೋ ಒಬ್ಬ ವ್ಯಕ್ತಿಯ ಹೆಸರೋ ಸಂಬಂಧವಿಲ್ಲದ ಅಂಗಡಿಯ ಹೆಸರೋ ಇದ್ದರೆ ಅಲ್ಲೇ ನಿಲ್ಲಿಸಿ. ಆ ಪರದೆ ನಿಮ್ಮ ಯುಪಿಐ ಆ್ಯಪ್‌ನದು, ವಂಚಕ ಅದನ್ನು ಬದಲಿಸಲಾರ.

"ಪಾರ್ಸೆಲ್ ಬಂದಿದೆ, ವಿಳಾಸ ಸರಿಯಿಲ್ಲ, 24 ಗಂಟೆಯೊಳಗೆ ಅಪ್‌ಡೇಟ್ ಮಾಡಿ" ಅಂತ ಇಂಡಿಯಾ ಪೋಸ್ಟ್ ಹೆಸರಲ್ಲಿ ಬಂತು. ನಿಜಾನಾ?

ನಕಲಿ. ಅಂಚೆ ಇಲಾಖೆಯ ಸೈಟ್ ಇಂಡಿಯಾಪೋಸ್ಟ್ ಡಾಟ್ ಗವ್ ಡಾಟ್ ಇನ್. "ಗವ್ ಡಾಟ್ ಇನ್" ಸರ್ಕಾರಿ ಸಂಸ್ಥೆಗಳಿಗೆ ಮಾತ್ರ ಸಿಗುತ್ತದೆ. ಸಂದೇಶದ ಲಿಂಕ್ ಒತ್ತಿದರೆ ಮರುವಿತರಣೆಗೆಂದು ಚಿಲ್ಲರೆ ಹಣ ಕೇಳುತ್ತಾರೆ. ಅವರಿಗೆ ಬೇಕಾದ್ದು ಆ ಚಿಲ್ಲರೆಯಲ್ಲ, ಕಾರ್ಡಿನ ವಿವರ ಮತ್ತು ಅದರ ಬೆನ್ನಿಗೇ ಬರುವ ಒಟಿಪಿ. ಐಫೋನ್‌ನಲ್ಲಿ "ವೈ ಎಂದು ಉತ್ತರಿಸಿ, ಮತ್ತೆ ಲಿಂಕ್ ತೆರೆಯಿರಿ" ಎಂದೂ ಇರುತ್ತದೆ. ಅಪರಿಚಿತರು ಕಳಿಸಿದ ಲಿಂಕನ್ನು ಐಮೆಸೇಜ್ ನಿಷ್ಕ್ರಿಯವಾಗಿಡುತ್ತದೆ, ನೀವು ಉತ್ತರಿಸಿದರೆ ಸಕ್ರಿಯವಾಗುತ್ತದೆ. ಆ ಸಾಲಿನ ಉದ್ದೇಶ ಅದೇ. ಅಮೆರಿಕದಲ್ಲಿರುವ ನಮ್ಮವರಿಗೆ ಇದೇ ಜಾಲ ಅಲ್ಲಿನ ಅಂಚೆ ಮತ್ತು ರಸ್ತೆ ಟೋಲ್ ಬಾಕಿಯ ಹೆಸರಲ್ಲಿ ಬರುತ್ತದೆ.

ಭಾರತದಲ್ಲಿ ಸಂಸ್ಥೆಗಳ ಎಸ್‌ಎಂಎಸ್ ಹತ್ತಂಕಿಯ ಮೊಬೈಲ್ ನಂಬರಿನಿಂದ ಬರುವುದಿಲ್ಲ. ನೋಂದಾಯಿತ ಹೆಸರಿನಿಂದ ಬರುತ್ತದೆ. 2025ರಿಂದ ಆ ಹೆಸರಿನ ಕೊನೆಗೆ ಹೈಫನ್ ಮತ್ತು ಒಂದು ಅಕ್ಷರವೂ ಇರುತ್ತದೆ: ಜಾಹೀರಾತಿಗೆ ಪಿ, ಸೇವೆಗೆ ಎಸ್, ವಹಿವಾಟಿಗೆ ಟಿ, ಸರ್ಕಾರಕ್ಕೆ ಜಿ. ಆದರೂ ಅದೊಂದನ್ನೇ ನೆಚ್ಚಬೇಡಿ. ನಕಲಿ ಮೊಬೈಲ್ ಟವರಿನಂಥ ಉಪಕರಣದಿಂದ ಆ ಹೆಸರನ್ನೂ ಹಾಕಿ ಕಳಿಸಬಹುದು.

ವಾಟ್ಸ್ಆ್ಯಪ್‌ನಲ್ಲಿ ಟ್ರಾಫಿಕ್ ಚಲನ್ ಅಂತ ಒಂದು ಫೈಲ್ ಬಂದಿದೆ. ತೆರೆಯಲಾ?

ಹೆಸರಿನ ಕೊನೆಯಲ್ಲಿ "ಡಾಟ್ ಎಪಿಕೆ" ಇದ್ದರೆ ಖಂಡಿತ ತೆರೆಯಬೇಡಿ. ಅದು ಕಾಗದವಲ್ಲ, ಆ್ಯಪ್. ಹಾಕಿಕೊಂಡರೆ ಮೊದಲು ಕೇಳುವುದು ಎಸ್‌ಎಂಎಸ್ ಓದುವ ಅನುಮತಿ, ಅಂದರೆ ನಿಮ್ಮ ಒಟಿಪಿಗಳು. ಮದುವೆ ಕರೆಯೋಲೆ, ಪಿಎಂ ಕಿಸಾನ್, ಬ್ಯಾಂಕ್ ರಿವಾರ್ಡ್ ಪಾಯಿಂಟ್ ಎಂಬ ಹೆಸರಲ್ಲೂ ಇದೇ ಬರುತ್ತದೆ. ಪರಿಚಯದವರ ನಂಬರಿನಿಂದ ಬಂದರೂ ಅಷ್ಟೇ, ಅವರ ಫೋನ್ ಮೊದಲೇ ಸಿಕ್ಕಿಬಿದ್ದಿರಬಹುದು. ಚಲನ್ ಇದೆಯೇ ಎಂದು ನೋಡಲು ಪರಿವಾಹನ್ ಡಾಟ್ ಗವ್ ಡಾಟ್ ಇನ್ ಎಂದು ನೀವೇ ಟೈಪ್ ಮಾಡಿ, ಅಲ್ಲಿಂದ ಇ-ಚಲನ್ ವಿಭಾಗಕ್ಕೆ ಹೋಗಿ ಗಾಡಿ ನಂಬರ್ ಹಾಕಿ.

ನನ್ನ ಬ್ಯಾಂಕಿನ ಸೈಟ್ ವಿಳಾಸ ಬದಲಾಗಿದೆ, "ಬ್ಯಾಂಕ್ ಡಾಟ್ ಇನ್" ಅಂತ ಇದೆ. ಇದೇ ನಕಲಿನಾ?

ಅಲ್ಲ, ಇದು ಒಳ್ಳೆಯ ಸುದ್ದಿ. ಎಲ್ಲ ಬ್ಯಾಂಕುಗಳೂ 2025ರ ಅಕ್ಟೋಬರ್ 31ರೊಳಗೆ ಈ ವಿಳಾಸಕ್ಕೆ ಬರಬೇಕೆಂದು ರಿಸರ್ವ್ ಬ್ಯಾಂಕ್ ಸೂಚಿಸಿತ್ತು. ಈ ಹೆಸರು ಕೊಡುವ ಅಧಿಕಾರ ಹೈದರಾಬಾದಿನ ಐಡಿಆರ್‌ಬಿಟಿ ಸಂಸ್ಥೆಗೆ ಮಾತ್ರ, ಅದೂ ಬ್ಯಾಂಕುಗಳಿಗೆ ಮಾತ್ರ. ಉದಾಹರಣೆಗೆ ಎಸ್‌ಬಿಐ ಡಾಟ್ ಬ್ಯಾಂಕ್ ಡಾಟ್ ಇನ್. ಎರಡು ಕಡೆ ಎಚ್ಚರವಿರಲಿ. "ಎಸ್‌ಬಿಐ ಹೈಫನ್ ಬ್ಯಾಂಕ್ ಡಾಟ್ ಇನ್" ಎಂಬುದು ಬೇರೆಯೇ ಹೆಸರು, ಅದು ಈ ಕಟ್ಟುಪಾಡಿಗೆ ಒಳಪಡುವುದಿಲ್ಲ. "ಬ್ಯಾಂಕ್ ಡಾಟ್ ಇನ್" ಆದ ಮೇಲೂ ಇನ್ನೊಂದು ಡಾಟ್ ಬಂದು ಬೇರೇನೋ ಇದ್ದರೆ ಒಡೆಯ ಆ ಬೇರೇನೋ. ಸರ್ಕಾರಿ ಮತ್ತು ಬ್ಯಾಂಕ್ ಸೈಟುಗಳಿಗೆ ಇಂಥ ಬೇಲಿ ಇರುವುದರಿಂದ ಮನೆಯ ಹಿರಿಯರಿಗೆ ಕಲಿಸಲು ಇದೇ ಸುಲಭದ ಪಾಠ ಎಂಬುದು ನಮ್ಮ ಅಭಿಪ್ರಾಯ.

ಗೂಗಲ್‌ನಲ್ಲಿ ಹುಡುಕಿದಾಗ ಮೊದಲಿಗೇ ಬಂದ ಸೈಟ್ ಅಲ್ವಾ? ಅದೂ ನಕಲಿ ಇರುತ್ತಾ?

ಇರಬಹುದು. ಮೇಲಿನ ಸಾಲುಗಳು ಹಣ ಕೊಟ್ಟು ಹಾಕಿಸಿದ ಜಾಹೀರಾತಾಗಿರಬಹುದು. ಕಸ್ಟಮರ್ ಕೇರ್ ನಂಬರ್, ಯಾತ್ರಾಸ್ಥಳದ ರೂಮು, ಕೇದಾರನಾಥದ ಹೆಲಿಕಾಪ್ಟರ್ ಟಿಕೆಟ್, ಈ ಹುಡುಕಾಟಗಳಲ್ಲಿ ನಕಲಿಗಳು ಹೇರಳ. ಕೇದಾರನಾಥದ ಹೆಲಿಕಾಪ್ಟರ್ ಬುಕಿಂಗ್ ನಡೆಯುವುದು ಐಆರ್‌ಸಿಟಿಸಿಯ ಹೆಲಿಯಾತ್ರಾ ಪುಟದಲ್ಲಿ. ತಿರುಪತಿಯ ಟಿಟಿಡಿ ಸೈಟ್ "ಎಪಿ ಡಾಟ್ ಗವ್ ಡಾಟ್ ಇನ್" ಎಂದು ಮುಗಿಯುತ್ತದೆ. ಸಹಾಯವಾಣಿಯ ನಂಬರನ್ನು ಬಿಲ್ಲಿನ ಮೇಲೆ, ಕಾರ್ಡಿನ ಹಿಂಬದಿಯಲ್ಲಿ ಅಥವಾ ಆ್ಯಪ್ ಒಳಗೆ ನೋಡಿ.

## ಆಗಲೇ ಸಿಕ್ಕಿಬಿದ್ದಿದ್ದರೆ

ಲಿಂಕ್ ಒತ್ತಿದೆ ಅಷ್ಟೇ, ಏನೂ ತುಂಬಿಲ್ಲ. ಹ್ಯಾಕ್ ಆಗಿರುತ್ತಾ?

ಬಹುಪಾಲು ಇಲ್ಲ. ಪುಟ ತೆರೆದದ್ದರಿಂದಲೇ ಹಣ ಹೋಗುವುದಿಲ್ಲ. ಮುಚ್ಚಿಬಿಡಿ, ಏನಾದರೂ ಡೌನ್‌ಲೋಡ್ ಆಗಿದ್ದರೆ ತೆರೆಯದೆ ಅಳಿಸಿ. ಬ್ರೌಸರ್ ಮತ್ತು ಫೋನ್ ಅಪ್‌ಡೇಟ್ ಬಾಕಿಯಿದ್ದರೆ ಮಾಡಿ. ನೋಟಿಫಿಕೇಶನ್‌ಗೆ ಅನುಮತಿ ಒತ್ತಿದ್ದರೆ ಬ್ರೌಸರ್ ಸೆಟ್ಟಿಂಗ್ಸ್‌ನಲ್ಲಿ ರದ್ದು ಮಾಡಿ.

ಕಾರ್ಡ್ ವಿವರ, ಒಟಿಪಿ ಎಲ್ಲಾ ಕೊಟ್ಟುಬಿಟ್ಟೆ. ಮೊದಲು ಏನು ಮಾಡ್ಲಿ?

ಬ್ಯಾಂಕ್ ಆ್ಯಪ್ ತೆರೆದು ಕಾರ್ಡನ್ನು ಬ್ಲಾಕ್ ಮಾಡಿ. ಹಣ ಹೋಗಿದ್ದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ವಹಿವಾಟಿನ ಸಂಖ್ಯೆ, ಮೊತ್ತ, ಸಮಯ ಕೈಯಲ್ಲಿರಲಿ. ಆ ದೂರು ಸಂಬಂಧಪಟ್ಟ ಬ್ಯಾಂಕುಗಳಿಗೆ ಆನ್‌ಲೈನಿನಲ್ಲೇ ಹೋಗುತ್ತದೆ, ಹಣ ಇನ್ನೂ ಯಾವುದಾದರೂ ಖಾತೆಯಲ್ಲಿದ್ದರೆ ಅಲ್ಲೇ ತಡೆಹಿಡಿಯುತ್ತಾರೆ. ವಂಚಕರು ಹಣವನ್ನು ಖಾತೆಯಿಂದ ಖಾತೆಗೆ ದಾಟಿಸುತ್ತಲೇ ಇರುತ್ತಾರಾದ್ದರಿಂದ ನಾಳೆ ನೋಡೋಣ ಎನ್ನಬೇಡಿ. ಆಮೇಲೆ ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್‌ನಲ್ಲಿ ದೂರನ್ನು ಪೂರ್ತಿ ಮಾಡಿ. ಸೈಟಿನ ಪೂರ್ಣ ವಿಳಾಸ ಕಾಣುವಂತೆ ಸ್ಕ್ರೀನ್‌ಶಾಟ್ ಸೇರಿಸಿ. ಕರ್ನಾಟಕದಲ್ಲಿ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಪೊಲೀಸ್ ಠಾಣೆಗಳು ಇಂಥ ಪ್ರಕರಣ ನೋಡುತ್ತವೆ. ಪಾಸ್‌ವರ್ಡ್ ಕೊಟ್ಟಿದ್ದರೆ ಅಸಲಿ ಆ್ಯಪ್‌ನಿಂದ ಬದಲಿಸಿ, ಎಲ್ಲ ಸಾಧನಗಳಿಂದ ಲಾಗ್‌ಔಟ್ ಮಾಡಿ. ಅದೇ ಪಾಸ್‌ವರ್ಡ್ ಬೇರೆಡೆ ಇದ್ದರೆ ಅಲ್ಲೂ ಬದಲಿಸಿ.

ಕಳೆದ ಹಣ ವಾಪಸ್ ಕೊಡಿಸುತ್ತೇವೆಂದು ಆಮೇಲೆ ಯಾರಾದರೂ ಸಂಪರ್ಕಿಸಿದರೆ ಅವರೂ ವಂಚಕರೇ.

ಎಪಿಕೆ ಹಾಕಿಬಿಟ್ಟಿದ್ದೇನೆ.

ಮೊದಲು ಏರೋಪ್ಲೇನ್ ಮೋಡ್ ಹಾಕಿ, ವೈಫೈಯನ್ನೂ ನಿಲ್ಲಿಸಿ. ಇನ್ನೊಂದು ಫೋನಿನಿಂದ ಬ್ಯಾಂಕಿಗೆ ಹೇಳಿ ನೆಟ್‌ಬ್ಯಾಂಕಿಂಗ್, ಯುಪಿಐ ನಿಲ್ಲಿಸಿ. ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪ್‌ಗೆ ಕೊಟ್ಟ ಆ್ಯಕ್ಸೆಸಿಬಿಲಿಟಿ ಮತ್ತು ಡಿವೈಸ್ ಅಡ್ಮಿನ್ ಅನುಮತಿಗಳನ್ನು ತೆಗೆದ ಮೇಲೆ ಅನ್‌ಇನ್‌ಸ್ಟಾಲ್ ಮಾಡಿ. ಅದು ಒಪ್ಪದೆ ಹಟ ಹಿಡಿಯುವುದು ಸಾಮಾನ್ಯವಾಗಿ ಈ ಅನುಮತಿಗಳಿಂದಲೇ. ಕಾಲ್ ಫಾರ್ವರ್ಡಿಂಗ್ ಯಾವುದಾದರೂ ನಂಬರಿಗೆ ಹೋಗಿದೆಯೇ ನೋಡಿ. ಫೋಟೊಗಳನ್ನು ತೆಗೆದಿಟ್ಟು ಫ್ಯಾಕ್ಟರಿ ರೀಸೆಟ್ ಮಾಡುವುದೇ ಕೊನೆಗೆ ನೆಮ್ಮದಿ. ಪಾಸ್‌ವರ್ಡ್‌ಗಳನ್ನು ಅದೇ ಫೋನಿನಲ್ಲಿ ಬದಲಿಸಬೇಡಿ.

ಬ್ಯಾಂಕ್ ಹಣ ವಾಪಸ್ ಕೊಡುತ್ತಾ?

ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯ ಪ್ರಕಾರ ನಿಮ್ಮದೂ ಬ್ಯಾಂಕಿನದೂ ತಪ್ಪಿಲ್ಲದೆ ಹಣ ಹೋಗಿದ್ದು, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ನಿಮ್ಮದಲ್ಲ. ನೀವೇ ಒಟಿಪಿ ಅಥವಾ ಪಿನ್ ಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಿಮ್ಮದು, ತಿಳಿಸಿದ ನಂತರದ್ದು ಬ್ಯಾಂಕಿನದು. ಹಾಗಾಗಿ ತಿಳಿಸಿದ ಸಮಯಕ್ಕೆ ದಾಖಲೆ ಇರಲಿ. ದೂರಿನ ಸಂಖ್ಯೆ ಕೇಳಿ ಬರೆದಿಟ್ಟುಕೊಳ್ಳಿ.

## ಇನ್ನೂ ಆಳಕ್ಕೆ

ಒಂದೇ ತರಹ ಕಾಣೋ ಅಕ್ಷರ ಹಾಕಿ ಮೋಸ ಮಾಡ್ತಾರಂತೆ. ಕಣ್ಣಿಗೆ ಕಾಣದ್ದನ್ನ ಹೇಗೆ ಹಿಡಿಯೋದು?

ಸರಳವಾದದ್ದು ಇಂಗ್ಲಿಷಿನೊಳಗೇ ಇದೆ. ಆರ್ ಮತ್ತು ಎನ್ ಅಂಟಿಸಿದರೆ ಎಂ ಕಾಣುತ್ತದೆ, ಸಣ್ಣ ಎಲ್ ಜಾಗದಲ್ಲಿ ದೊಡ್ಡ ಐ ಕೂರುತ್ತದೆ. ಬ್ರೌಸರ್ ಡೊಮೇನನ್ನು ಸಣ್ಣ ಅಕ್ಷರಕ್ಕೆ ಇಳಿಸಿ ತೋರಿಸುವುದರಿಂದ ಎರಡನೆಯದು ಸಂದೇಶದಲ್ಲಿ ನಡೆದರೂ ವಿಳಾಸಪಟ್ಟಿಯಲ್ಲಿ ಬಯಲಾಗುತ್ತದೆ. ಸೂಕ್ಷ್ಮವಾದದ್ದು ಬೇರೆ ಲಿಪಿಯ ಅಕ್ಷರ. 2017ರಲ್ಲಿ ಒಬ್ಬ ಸಂಶೋಧಕ ಪೂರ್ತಿ ಸಿರಿಲಿಕ್ (ರಷ್ಯನ್ ಬರೆಯುವ ಲಿಪಿ) ಅಕ್ಷರಗಳಿಂದಲೇ ಆ್ಯಪಲ್ ಡಾಟ್ ಕಾಮ್ ಎಂದು ಕಾಣುವ ಡೊಮೇನ್ ಕೊಂಡು ತೋರಿಸಿದ. ಆಮೇಲೆ ಕ್ರೋಮ್ ನಿಯಮ ಬಿಗಿ ಮಾಡಿತು. ಈಗ ಇಂಥವು ಎಕ್ಸ್, ಎನ್, ಎರಡು ಹೈಫನ್‌ನಿಂದ ಶುರುವಾಗುವ ಸಂಕೇತವಾಗಿ ಕಾಣುತ್ತವೆ. ಹೆಸರಾಂತ ಇಂಗ್ಲಿಷ್ ಬ್ರ್ಯಾಂಡಿನ ಪುಟದಲ್ಲಿ ಆ ಸಂಕೇತ ಕಂಡರೆ ಓಡಿ.

ಕನ್ನಡಕ್ಕೂ ಇದು ದೂರದ ಮಾತಲ್ಲ. "ಡಾಟ್ ಭಾರತ" ಎಂಬ ಕನ್ನಡ ಡೊಮೇನ್ ಇದೆ, ಮತ್ತು ಕನ್ನಡ–ತೆಲುಗಿನ ಹಲವು ಅಕ್ಷರಗಳು ಕಣ್ಣಿಗೆ ಒಂದೇ. ಇಂಟರ್ನೆಟ್ಟಿನ ಹೆಸರುಗಳನ್ನು ನೋಡಿಕೊಳ್ಳುವ ಐಕಾನ್ ಸಂಸ್ಥೆಯ ನಿಯಮಾವಳಿ ಇಂಥ ಜೋಡಿಗಳನ್ನು ಪರಸ್ಪರ ರೂಪಾಂತರಗಳೆಂದು ಗುರುತಿಸಿದೆ.

ವೈರಸ್‌ಟೋಟಲ್‌ಗೆ (ಲಿಂಕ್ ಪರೀಕ್ಷಿಸೋ ಸೈಟ್) ಹಾಕಿದೆ, ಕ್ಲೀನ್ ಅಂತ ಬಂತು. ಆದರೂ ನೀವು ನಕಲಿ ಅಂತೀರಲ್ಲ?

"ಕೆಟ್ಟದ್ದು" ಎಂದು ಬಂದರೆ ನಂಬಿ, "ಕ್ಲೀನ್" ಎಂದು ಬಂದರೆ ಏನೂ ತೀರ್ಮಾನಿಸಬೇಡಿ. ಒಂದು ಕಾರಣ ಸಮಯ: ಬೆಳಿಗ್ಗೆ ಹುಟ್ಟಿದ ಸೈಟ್ ಕೆಟ್ಟ ಸೈಟುಗಳ ಪಟ್ಟಿಗೆ ಸೇರುವಷ್ಟರಲ್ಲಿ ಮುಚ್ಚಿರುತ್ತದೆ. ಇನ್ನೊಂದು ಮರೆಮಾಚುವಿಕೆ. ಮೊಬೈಲ್ ಬ್ರೌಸರ್, ಭಾರತದ ಐಪಿ (ಇಂಟರ್ನೆಟ್ ಸಂಪರ್ಕದ ಅಂಕಿ ವಿಳಾಸ), ಜಾಹೀರಾತಿನಿಂದ ಬಂದ ಲಿಂಕು, ಇಷ್ಟೂ ಕೂಡಿಬಂದಾಗ ಮಾತ್ರ ನಕಲಿ ಅಂಗಡಿ ತೋರಿಸಿ, ತಪಾಸಣೆಯ ಯಂತ್ರ ಬಂದರೆ ಖಾಲಿ ಪುಟ ತೋರಿಸುತ್ತಾರೆ. ಅದೇ ಲಿಂಕ್ ಫೋನಿನಲ್ಲಿ ಅಂಗಡಿಯಾಗಿ, ಲ್ಯಾಪ್‌ಟಾಪ್‌ನಲ್ಲಿ ಎರರ್ ಆಗಿ ತೆರೆದರೆ ಅದೇ ಗಟ್ಟಿ ಸುಳಿವು.

ಡೊಮೇನ್ ಯಾವಾಗ ಹುಟ್ಟಿತು ಅಂತ ನೋಡಿದರೆ ಸಾಕಾ?

ಉಪಯುಕ್ತ, ಆದರೆ ಸಾಲದು. ಐಕಾನ್‌ನ ಲುಕಪ್ ಪುಟದಲ್ಲಿ ಹೆಸರು ಹಾಕಿದರೆ ನೋಂದಣಿ ದಿನಾಂಕ ಸಿಗುತ್ತದೆ. ಫ್ಲಿಪ್‌ಕಾರ್ಟ್ 2007ರ ಕಂಪನಿ. ಅದರ ಹೆಸರಿನ ಅಂಗಡಿ ಹೋದ ವಾರ ನೋಂದಣಿಯಾಗಿದ್ದರೆ ಉತ್ತರ ಸಿಕ್ಕಂತೆ. ಆದರೆ ಹಳೆಯ ಸೈಟೊಂದನ್ನು ಹ್ಯಾಕ್ ಮಾಡಿ ಅದರ ಮೂಲೆಯಲ್ಲಿ ನಕಲಿ ಪುಟ ಇಟ್ಟಿದ್ದರೆ ವಯಸ್ಸು ಹಳೆಯದೇ ಇರುತ್ತದೆ. ಬ್ಲಾಗ್‌ಸ್ಪಾಟ್‌ನಂಥ ಉಚಿತ ಜಾಗಗಳಲ್ಲೂ ಹಾಗೇ.

ಒಟಿಪಿ ಇದೆಯಲ್ಲ, ಪಾಸ್‌ವರ್ಡ್ ಹೋದರೇನು?

ಇಂದಿನ ನಕಲಿ ಸೈಟ್ ನಿಮಗೂ ಅಸಲಿ ಸೈಟಿಗೂ ನಡುವೆ ನಿಂತು ಎರಡೂ ಕಡೆಗೆ ಮಾತು ದಾಟಿಸುತ್ತದೆ. ನೀವು ಟೈಪ್ ಮಾಡಿದ ಒಟಿಪಿ ಆ ಕ್ಷಣವೇ ಅಸಲಿ ಸೈಟಿಗೆ ಹೋಗಿ ಲಾಗಿನ್ ಆದ ಸೆಶನ್ ವಂಚಕನಿಗೆ ಸಿಗುತ್ತದೆ. ಇದನ್ನು ತಡೆಯುವುದು ಪಾಸ್‌ವರ್ಡ್ ಬದಲು ಬಳಸುವ ಪಾಸ್‌ಕೀ. ಅದು ಡೊಮೇನಿಗೆ ಕಟ್ಟಿದ ಕೀಲಿ, ಬೇರೆ ವಿಳಾಸದಲ್ಲಿ ನೀವು ಬಯಸಿದರೂ ತೆರೆಯುವುದಿಲ್ಲ. ಪಾಸ್‌ವರ್ಡ್ ಮ್ಯಾನೇಜರ್ ಕೂಡ ಹೀಗೆಯೇ ನೆರವಾಗುತ್ತದೆ: ಎಂದಿನಂತೆ ತಾನೇ ತುಂಬದೆ ಸುಮ್ಮನಿದ್ದರೆ, ನೀವೇ ಟೈಪ್ ಮಾಡುವ ಮೊದಲು ವಿಳಾಸ ಓದಿ.

ನಮ್ಮ ಅಂಗಡಿ ಹೆಸರಲ್ಲೇ ಯಾರೋ ಸೈಟ್ ಮಾಡಿದ್ದಾರೆ. ತೆಗೆಸೋದು ಹೇಗೆ? ಮುಂಚೆಯೇ ತಿಳಿಯಬಹುದಾ?

ತೆಗೆಸಲು ಏಕಕಾಲಕ್ಕೆ ಮೂರು ಕಡೆ ದೂರು ಕೊಡಿ: ಡೊಮೇನ್ ಮಾರಿದ ರಿಜಿಸ್ಟ್ರಾರ್, ಸೈಟ್ ಇಟ್ಟಿರುವ ಹೋಸ್ಟಿಂಗ್ ಕಂಪನಿ, ಗೂಗಲ್ ಸೇಫ್ ಬ್ರೌಸಿಂಗ್. ಮೊದಲ ಎರಡರ ದೂರು ವಿಳಾಸ ಡೊಮೇನ್ ಮತ್ತು ಐಪಿಯ ನೋಂದಣಿ ದಾಖಲೆಗಳಲ್ಲಿ ಸಿಗುತ್ತದೆ. ಮೂರನೆಯದರಿಂದ ಸೈಟ್ ಮುಚ್ಚದಿದ್ದರೂ ಬ್ರೌಸರುಗಳಲ್ಲಿ ಕೆಂಪು ಎಚ್ಚರಿಕೆ ಬರುತ್ತದೆ. ಪತ್ರದಲ್ಲಿ ಪೂರ್ಣ ಲಿಂಕು, ಸಮಯದೊಂದಿಗೆ ಸ್ಕ್ರೀನ್‌ಶಾಟು, ಅಸಲಿ ಸೈಟಿನ ವಿಳಾಸ, ಟ್ರೇಡ್‌ಮಾರ್ಕ್ ಸಂಖ್ಯೆ ಇರಲಿ. ಮೊಬೈಲಿನಲ್ಲಿ ಮಾತ್ರ ತೆರೆಯುತ್ತಿದ್ದರೆ ಅದನ್ನು ಮರೆಯದೆ ಬರೆಯಿರಿ. ಇಲ್ಲವಾದರೆ ಅವರು ಕಂಪ್ಯೂಟರಿನಲ್ಲಿ ತೆರೆದು ಏನೂ ಇಲ್ಲವೆಂದು ದೂರು ಮುಚ್ಚುತ್ತಾರೆ. ಪೊಲೀಸ್ ದೂರಿಗೆ ಐಟಿ ಕಾಯ್ದೆಯ 66ಡಿ ಕಲಂ ಅನ್ವಯಿಸುತ್ತದೆ.

ಮುಂಚೆಯೇ ತಿಳಿಯಲು ಡಿಎನ್‌ಎಸ್‌ಟ್ವಿಸ್ಟ್ ಎಂಬ ಉಚಿತ ಸಾಧನವಿದೆ. ಅದು ನಿಮ್ಮ ಹೆಸರಿನ ತಿರುಚಿದ ರೂಪಗಳನ್ನೆಲ್ಲ ಹುಟ್ಟಿಸಿ ಯಾವುದು ನೋಂದಣಿಯಾಗಿದೆ ಎಂದು ತೋರಿಸುತ್ತದೆ. ಹೊಸ ಪ್ರಮಾಣಪತ್ರಗಳ ಸಾರ್ವಜನಿಕ ದಾಖಲೆಯನ್ನು ಸಿಆರ್‌ಟಿ ಡಾಟ್ ಎಸ್‌ಎಚ್‌ನಲ್ಲಿ ಹುಡುಕಬಹುದು. ಬೀಗಕ್ಕಾಗಿ ವಂಚಕ ಪ್ರಮಾಣಪತ್ರ ತೆಗೆದುಕೊಂಡ ಕೂಡಲೇ ಅವನ ಡೊಮೇನ್ ಅಲ್ಲಿ ದಾಖಲಾಗುತ್ತದೆ.

ಕಾಲೇಜ್ ಪ್ರಾಜೆಕ್ಟ್‌ನಲ್ಲಿ ನಕಲಿ ಸೈಟ್ ಹಿಡಿಯೋ ನನ್ನ ಎಐ ಮಾಡೆಲ್‌ಗೆ 99 ಪರ್ಸೆಂಟ್ ನಿಖರತೆ ಬಂದಿದೆ. ಇದನ್ನು ನಿಜವಾಗಿ ಬಳಸಬಹುದಾ?

ಮೊದಲು ಲೆಕ್ಕ ಹಾಕಿ. ದಿನಕ್ಕೆ 1,00,000 ಪುಟಗಳಲ್ಲಿ 100 ನಕಲಿ ಎಂದುಕೊಳ್ಳೋಣ. ನಿಮ್ಮ ಮಾಡೆಲ್ 99 ನಕಲಿಗಳನ್ನು ಹಿಡಿಯುತ್ತದೆ. ಉಳಿದ 99,900 ಅಸಲಿಗಳಲ್ಲಿ ಶೇ. 1 ತಪ್ಪಾದರೂ 999 ಸುಳ್ಳು ಎಚ್ಚರಿಕೆ. ಹತ್ತರಲ್ಲಿ ಒಂಬತ್ತು ಎಚ್ಚರಿಕೆ ಸುಳ್ಳಾದರೆ ಬಳಸುವವರು ಎರಡನೇ ದಿನಕ್ಕೇ ಅದನ್ನು ಆಫ್ ಮಾಡುತ್ತಾರೆ.

ಆಮೇಲೆ ದತ್ತಾಂಶ ನೋಡಿ. ಬಹಳಷ್ಟು ಪ್ರಾಜೆಕ್ಟ್‌ಗಳಲ್ಲಿ ಬಳಕೆಯಾಗುವ ಯುಸಿಐ (ಅಮೆರಿಕದ ಒಂದು ವಿಶ್ವವಿದ್ಯಾಲಯ) ದತ್ತಾಂಶ ಸಂಗ್ರಹ 2015ರದು: 11,055 ಸಾಲು, 30 ಗುಣಲಕ್ಷಣ. ಅದರಲ್ಲಿ ಸೈಟುಗಳ ಜನಪ್ರಿಯತೆ ಅಳೆಯುತ್ತಿದ್ದ ಅಲೆಕ್ಸಾ ಶ್ರೇಯಾಂಕ ಒಂದು ಲಕ್ಷಣ, ಆ ಸೇವೆ 2022ರಲ್ಲೇ ನಿಂತಿದೆ. ಪ್ರಮಾಣಪತ್ರವಿದ್ದರೆ ಅಸಲಿಯ ಕಡೆ ತೂಗುವ ಲಕ್ಷಣವೂ ಇದೆ, ಅದರ ಗತಿ ಏನಾಯಿತೆಂದು ಬೀಗದ ಉತ್ತರದಲ್ಲಿ ಹೇಳಿದ್ದೇವೆ. ನೀವೇ ಸಂಗ್ರಹಿಸಿದ್ದಾದರೆ ಇನ್ನೊಂದು ಬಲೆ ಇದೆ. ಅಸಲಿಗೆ ಬರೀ ಮುಖಪುಟಗಳನ್ನೂ ನಕಲಿಗೆ ಉದ್ದದ ಲಿಂಕುಗಳನ್ನೂ ತೆಗೆದುಕೊಂಡರೆ ಮಾಡೆಲ್ ಕಲಿಯುವುದು "ಉದ್ದವಿದ್ದರೆ ನಕಲಿ" ಎಂಬುದನ್ನಷ್ಟೇ. ಅಸಲಿ ಸೈಟುಗಳ ಲಾಗಿನ್ ಮತ್ತು ಒಳಪುಟಗಳನ್ನೂ ಸೇರಿಸಿ. ಹಳೆಯ ತಿಂಗಳುಗಳಿಂದ ಕಲಿಸಿ ಹೊಸ ತಿಂಗಳಿನ ಮೇಲೆ ಪರೀಕ್ಷಿಸಿ, ಎಲ್ಲವನ್ನೂ ಕಲಸಿ ಭಾಗ ಮಾಡಬೇಡಿ.

ನಮಗೆ ಹೆಚ್ಚು ಹಿಡಿಸುವ ದಾರಿ ಫಿಶ್‌ಪೀಡಿಯಾ ಎಂಬ 2021ರ ಸಂಶೋಧನಾ ಸಾಧನದ್ದು. ಅದು ಪುಟದ ಚಿತ್ರದಲ್ಲಿ ಲೋಗೊ ಹುಡುಕಿ ಯಾವ ಬ್ರ್ಯಾಂಡ್ ಎಂದು ಗುರುತಿಸಿ, ಆ ಬ್ರ್ಯಾಂಡಿನ ಅಸಲಿ ಡೊಮೇನುಗಳ ಪಟ್ಟಿಯೊಡನೆ ವಿಳಾಸವನ್ನು ತಾಳೆ ನೋಡುತ್ತದೆ. ಏಕೆ ನಕಲಿ ಎಂದು ಕಾರಣವನ್ನೂ ತೋರಿಸಬಲ್ಲದು. ಪಟ್ಟಿಯಲ್ಲಿಲ್ಲದ ಬ್ರ್ಯಾಂಡನ್ನು ಮಾತ್ರ ಅದು ಹಿಡಿಯಲಾರದು. ನಮ್ಮ ಸಹಕಾರಿ ಬ್ಯಾಂಕುಗಳು, ಎಸ್ಕಾಂಗಳು, ಕೆಎಸ್‌ಆರ್‌ಟಿಸಿ, ದೇವಸ್ಥಾನಗಳ ಲೋಗೊ ಮತ್ತು ಅಸಲಿ ಡೊಮೇನುಗಳನ್ನು ಕಲೆಹಾಕಿ ಅಂಥದ್ದೊಂದು ಪಟ್ಟಿ ಕಟ್ಟಿದರೆ, ಇನ್ನೊಂದು 99 ಪರ್ಸೆಂಟ್ ಮಾಡೆಲ್‌ಗಿಂತ ಅದು ಹೆಚ್ಚು ಜನರ ಹಣ ಉಳಿಸುತ್ತದೆ.